ನಾಮಪದದ ಬಗೆಗಳು: ಇಂಗ್ಲಿಷ್ ವ್ಯಾಕರಣದ ವರ್ಗೀಕರಣ ಮತ್ತು ಚಿಕ್ಕೋಡಿ ಗಡಿಸೀಮೆಯ ಜನಪದ ನುಡಿ

1. ಪ್ರಸ್ತಾವನೆ

ಶಾಲೆಯ ಇಂಗ್ಲಿಷ್ ವ್ಯಾಕರಣ ಸಾಮಾನ್ಯವಾಗಿ ನಾಮಪದದಿಂದ ತೊಡಗುತ್ತದೆ. ವ್ಯಕ್ತಿ, ಸ್ಥಳ, ವಸ್ತು, ಗುಣಗಳ ಹೆಸರೇ ನಾಮಪದವೆಂಬ ಲಕ್ಷಣ ಮೊದಲು ಬರುತ್ತದೆ. ಅದರ ಬೆನ್ನಿಗೇ ಐದು ಬಗೆಗಳ ಪಟ್ಟಿ ಬರುತ್ತದೆ: ಪ್ರಾಪರ್, ಕಾಮನ್, ಕಲೆಕ್ಟಿವ್, ಮಟೀರಿಯಲ್, ಆಬ್‌ಸ್ಟ್ರಾಕ್ಟ್. ಕನ್ನಡ ಶಾಲೆಗಳಲ್ಲಿ ಇವನ್ನು ಅಂಕಿತನಾಮ, ರೂಢನಾಮ, ಸಮೂಹವಾಚಕ, ದ್ರವ್ಯವಾಚಕ, ಭಾವನಾಮ ಎಂದು ವಿವರಿಸುವುದು ವಾಡಿಕೆ. ವಸಾಹತು ಕಾಲದ ಭಾರತೀಯ ಶಾಲೆಗಳಲ್ಲಿ ಬಳಕೆಯಲ್ಲಿದ್ದ ಜೆ. ಸಿ. ನೆಸ್‌ಫೀಲ್ಡನ ವ್ಯಾಕರಣ ಪುಸ್ತಕಗಳು ಈ ಐದರ ಲೆಕ್ಕವನ್ನು ಗಟ್ಟಿಗೊಳಿಸಿದವು. ಮುಂದೆ ಬಂದ ಕೈಪಿಡಿಗಳು ಅದನ್ನೇ ಸಣ್ಣಪುಟ್ಟ ಬದಲಾವಣೆಗಳೊಡನೆ ಮುಂದುವರಿಸಿದವು. 'ಗೆರೆ ಎಳೆದ ನಾಮಪದಗಳ ಬಗೆಯನ್ನು ಗುರುತಿಸಿರಿ' ಎಂಬ ಪ್ರಶ್ನೆ ಈ ಪರಂಪರೆಯ ಕೂಸು.

ಈ ಪ್ರಶ್ನೆಯ ಹಿಂದೆ ಒಂದು ನಂಬಿಕೆ ಅಡಗಿದೆ. ಪ್ರತಿಯೊಂದು ನಾಮಪದಕ್ಕೂ ಹುಟ್ಟಿನಿಂದಲೇ ಒಂದು ಜಾತಿಯಿದೆ, ಪದವನ್ನು ನೋಡಿದೊಡನೆ ಆ ಜಾತಿಯನ್ನು ಹೇಳಬಹುದು ಎಂಬುದೇ ಆ ನಂಬಿಕೆ. ಅದು ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಜನಪದ ನುಡಿಯ ಮೂಲಕ ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಸೀಮೆಯನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿದ್ದ ಈ ಭಾಗದಲ್ಲಿ ಕನ್ನಡ ಮತ್ತು ಮರಾಠಿಗಳು ಮನೆ, ಹೊಲ, ಸಂತೆ, ಜಾತ್ರೆಗಳಲ್ಲಿ ಒಟ್ಟಿಗೆ ಬಾಳಿವೆ. ಇಲ್ಲಿನ ಮಗು ಇಂಗ್ಲಿಷ್ ನಾಮಪದವನ್ನು ಕಲಿಯುವ ವೇಳೆಗೆ ಅನೇಕ ವೇಳೆ ಎರಡು ಭಾಷೆಗಳ ನಾಮಪದಗಳನ್ನು ಬಳಸಿ ಬಲ್ಲದು. ನಾಮಪದಗಳ ವಿದ್ವತ್ತಿನಲ್ಲಿಯೂ ಈ ನೆಲಕ್ಕೆ ಪಾಲಿದೆ. ಪ್ರಾಕೃತ ವಿದ್ವಾಂಸ ಡಾ. ಆ. ನೇ. ಉಪಾಧ್ಯೆ 1906ರಲ್ಲಿ ಹುಟ್ಟಿದ್ದು ಚಿಕ್ಕೋಡಿ ಸೀಮೆಯ ಸದಲಗಾದಲ್ಲಿ. ಪ್ರಾಕೃತದ ದೇಶೀ ಪದಕೋಶಗಳಲ್ಲಿ ಕನ್ನಡ ಮೂಲದ ಪದಗಳು ಸೇರಿಕೊಂಡಿರುವುದನ್ನು ಅವರು ಎತ್ತಿ ತೋರಿಸಿದರು. ಒಂದು ಭಾಷೆಯ ಹೆಸರು ಇನ್ನೊಂದು ಭಾಷೆಯ ಮನೆಗೆ ಹೋಗಿ ನೆಲೆಸುವ ಪರಿಯನ್ನು ಗಡಿಯಲ್ಲಿ ಹುಟ್ಟಿದ ವಿದ್ವಾಂಸರೊಬ್ಬರು ಗುರುತಿಸಿದ್ದು ಸಹಜವೇ ಆಗಿದೆ.

2. ಎರಡು ವರ್ಗೀಕರಣಗಳು

ಯಾವುದೇ ವರ್ಗೀಕರಣಕ್ಕೆ ಒಂದೇ ಅಳತೆಗೋಲು ಇರಬೇಕು. ಐದರ ಪಟ್ಟಿಯಲ್ಲಿ ಕನಿಷ್ಠ ಮೂರು ಅಳತೆಗೋಲುಗಳು ಬೆರೆತಿವೆ. ಹೆಸರು ಒಂದಕ್ಕೇ ಸಲ್ಲುವುದೋ ಒಂದು ಜಾತಿಗೆಲ್ಲ ಸಲ್ಲುವುದೋ ಎಂಬುದು ಮೊದಲನೆಯದು. ಪ್ರಾಪರ್ ಮತ್ತು ಕಾಮನ್ ಎಂಬ ಭೇದ ಇದರಿಂದ ಬಂದಿದೆ. ಹೆಸರಿಸಿದ ವಸ್ತು ಬಿಡಿಯೋ ರಾಶಿಯೋ ಗುಂಪೋ ಎಂಬುದು ಎರಡನೆಯದು. ಮಟೀರಿಯಲ್ ಮತ್ತು ಕಲೆಕ್ಟಿವ್ ಇದರ ಫಲ. ವಸ್ತು ಇಂದ್ರಿಯಕ್ಕೆ ನಿಲುಕುವುದೋ ಬುದ್ಧಿಗೆ ಮಾತ್ರ ನಿಲುಕುವುದೋ ಎಂಬುದು ಮೂರನೆಯದು. ಆಬ್‌ಸ್ಟ್ರಾಕ್ಟ್ ಎಂಬ ಬಗೆ ಅಲ್ಲಿ ಹುಟ್ಟಿತು. ಎತ್ತರ, ತೂಕ, ಬಣ್ಣ ಮೂರನ್ನೂ ಒಂದೇ ಸಾಲಿನಲ್ಲಿಟ್ಟು ಎತ್ತುಗಳನ್ನು ವಿಂಗಡಿಸಿದಂತೆ ಇದು. ಹೀಗಾಗಿ ಒಂದೇ ಪದ ಎರಡು ಮೂರು ಮನೆಗಳಿಗೆ ಸೇರುವುದು ಅನಿವಾರ್ಯ.

ಇಂಗ್ಲಿಷ್ ವ್ಯಾಕರಣಕಾರರೇ ಈ ತೊಡಕನ್ನು ಬಹಳ ಹಿಂದೆ ಕಂಡಿದ್ದರು. ಡೆನ್ಮಾರ್ಕಿನ ವಿದ್ವಾಂಸ ಒಟ್ಟೊ ಯೆಸ್ಪರ್‌ಸನ್ 1924ರ ತನ್ನ 'ದಿ ಫಿಲಾಸಫಿ ಆಫ್ ಗ್ರಾಮರ್' ಗ್ರಂಥದಲ್ಲಿ ಎಣಿಸಬಹುದಾದ ಪದಗಳು ಮತ್ತು ರಾಶಿಪದಗಳು ಎಂಬ ಭೇದವನ್ನು ಮುಂದಿಟ್ಟನು. ಕ್ವರ್ಕ್ ಮತ್ತು ಸಂಗಡಿಗರು 1985ರಲ್ಲಿ ಹೊರತಂದ ಬೃಹತ್ ವ್ಯಾಕರಣದಲ್ಲಿ ಎಣಿಕೆಗೆ ಸಲ್ಲುವ ಮತ್ತು ಸಲ್ಲದ ನಾಮಪದಗಳ ಭೇದವೇ ಮುಖ್ಯವಾಗಿದೆ. ಒಂದೇ ಪದ ಎರಡೂ ಕಡೆ ಬಳಕೆಯಾಗುವುದನ್ನೂ ಅದು ಒಪ್ಪುತ್ತದೆ. ಶಾಸ್ತ್ರ ಹೀಗೆ ಮುಂದೆ ಸಾಗಿದ ಮೇಲೆಯೂ ಕೈಪಿಡಿಗಳಲ್ಲಿ ಐದರ ಪಟ್ಟಿ ಉಳಿದುಬಂದಿದೆ.

ಕನ್ನಡ ಪರಂಪರೆಯ ದಾರಿ ಬೇರೆ. ಹದಿಮೂರನೆಯ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದ ನಾಮಪ್ರಕರಣದಲ್ಲಿ ನಾಮಪ್ರಕೃತಿಯನ್ನು 'ಲಿಂಗ' ಎಂದು ಕರೆಯುತ್ತಾನೆ. ಸಹಜ ನಾಮಗಳೊಡನೆ ಕೃತ್, ತದ್ಧಿತ, ಸಮಾಸಗಳಿಂದ ಸಿದ್ಧಿಸಿದ ಪ್ರಕೃತಿಗಳೂ ಅಲ್ಲಿ ಸೇರುತ್ತವೆ. ನಾಮಗಳನ್ನು ರೂಢ, ಅನ್ವರ್ಥ, ಅಂಕಿತ ಎಂದು ಮೂರಾಗಿ ವಿಂಗಡಿಸುವ ಕ್ರಮ ಇಂದಿನ ಶಾಲಾ ವ್ಯಾಕರಣಕ್ಕೂ ಅಲ್ಲಿಂದಲೇ ಬಂದಿದೆ. ಬಳಕೆಯಿಂದ ನಿಂತದ್ದು ರೂಢ, ಅರ್ಥಕ್ಕೆ ಅನುಗುಣವಾಗಿ ಬಂದದ್ದು ಅನ್ವರ್ಥ, ಗುರುತಿಗಾಗಿ ಇಟ್ಟದ್ದು ಅಂಕಿತ. ಇಲ್ಲಿ ಅಳತೆಗೋಲು ಒಂದೇ: ಹೆಸರು ವಸ್ತುವಿಗೆ ಹೇಗೆ ಅಂಟಿಕೊಂಡಿತು? ಭಾವನಾಮವನ್ನು ಈ ಮೂರರ ಸಾಲಿನಲ್ಲಿ ನಿಲ್ಲಿಸದೆ, ನೋಡು ಎಂಬುದರಿಂದ ನೋಟ, ಬಡವ ಎಂಬುದರಿಂದ ಬಡತನ ಆಗುವ ಕೃದಂತ, ತದ್ಧಿತಾಂತಗಳ ಭಾಗದಲ್ಲಿ ಹೇಳುವ ಕನ್ನಡದ ಕ್ರಮವೂ ವಿವೇಕದ್ದೇ. ಭಾವನಾಮ ಎಂಬುದು ಹೆಸರಿನ ಇನ್ನೊಂದು ಜಾತಿಯಲ್ಲ, ಹೆಸರನ್ನು ಕಟ್ಟುವ ಒಂದು ವಿಧಾನ ಎಂಬ ಅರಿವು ಅದರಲ್ಲಿದೆ.

ಕೇಶಿರಾಜನ ವಿಂಗಡಣೆಯೂ ಸಂಸ್ಕೃತದ ಚೌಕಟ್ಟಿನಿಂದ ಬಂದದ್ದಲ್ಲವೆ ಎಂಬ ಆಕ್ಷೇಪಕ್ಕೆ ಇಲ್ಲಿ ಎಡೆಯಿದೆ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ವಾದಿಸಿದ ಡಾ. ಡಿ. ಎನ್. ಶಂಕರ ಭಟ್ಟರು ಈ ಪರಂಪರೆಯ ಸಂಸ್ಕೃತಾವಲಂಬನೆಯನ್ನು ಕಟುವಾಗಿ ವಿಮರ್ಶಿಸಿದ್ದಾರೆ. ಆ ವಿಮರ್ಶೆಯನ್ನು ಮನ್ನಿಸಿಯೇ ಮುಂದೆ ಸಾಗಬೇಕು. ರೂಢ, ಅನ್ವರ್ಥ, ಅಂಕಿತಗಳು ಹಳೆಯವೆಂಬ ಕಾರಣಕ್ಕಾಗಲಿ ನಮ್ಮವೆಂಬ ಕಾರಣಕ್ಕಾಗಲಿ ಮೇಲಲ್ಲ. ಜನರ ಮಾತಿನಲ್ಲಿ ನಡೆಯುವ ಕ್ರಿಯೆಯನ್ನು ಅವು ವಿವರಿಸಬಲ್ಲವೆ ಎಂಬುದೊಂದೇ ಪರೀಕ್ಷೆ.

3. ಊರ ಹೆಸರು: ಅನ್ವರ್ಥದಿಂದ ಅಂಕಿತಕ್ಕೆ

ಚಿಕ್ಕೋಡಿಯ ಹತ್ತಿರದಲ್ಲಿಯೇ ಹಿರೇಕೋಡಿ ಎಂಬ ಊರಿದೆ. ಕೋಡಿ ಎಂಬುದಕ್ಕೆ ಕೆರೆಯ ಹೆಚ್ಚಿನ ನೀರು ಹರಿದುಹೋಗುವ ತಾಣವೆಂಬ ಅರ್ಥ ಕನ್ನಡದಲ್ಲಿ ಪ್ರಸಿದ್ಧ. ಇಲ್ಲಿ ಅದರ ಮೂಲಾರ್ಥ ಯಾವುದೇ ಇರಲಿ, ಚಿಕ್ಕದು ಮತ್ತು ಹಿರಿದು ಎಂಬ ಜೋಡಿ ಹೆಸರುಗಳಾಗಿ ಇವು ಕಾಣುತ್ತವೆ. ಹೆಸರಿಟ್ಟ ಕಾಲಕ್ಕೆ ಇವು ಅನ್ವರ್ಥವಾಗಿದ್ದಿರಬೇಕು. ಇಂದು ಚಿಕ್ಕೋಡಿ ತಾಲ್ಲೂಕಿನ ಮುಖ್ಯ ಸ್ಥಳ, ಹಿರೇಕೋಡಿ ಅದೇ ತಾಲ್ಲೂಕಿನ ಒಂದು ಗ್ರಾಮ. ಅರ್ಥ ತಿರುವುಮುರುವಾದರೂ ಹೆಸರು ಕದಲಲಿಲ್ಲ.

ಕಾಗವಾಡ ತಾಲ್ಲೂಕಿನ ಉಗಾರ ಖುರ್ದ ಮತ್ತು ಉಗಾರ ಬುದ್ರುಕಗಳಲ್ಲಿಯೂ ಇದೇ ಕತೆಯಿದೆ. ಖುರ್ದ ಎಂದರೆ ಪಾರಸಿಯಲ್ಲಿ ಸಣ್ಣದು; ಬುದ್ರುಕ ಎಂಬುದು ದೊಡ್ಡದು ಎಂಬ ಅರ್ಥದ ಬುಜುರ್ಗ್ ಪದದ ರೂಪಾಂತರ. ಸುಲ್ತಾನರ ಮತ್ತು ಮರಾಠರ ಕಾಲದ ಕಂದಾಯದ ದಫ್ತರಗಳ ಮೂಲಕ ಈ ಪದಗಳು ದಖ್ಖನಿನ ಊರ ಹೆಸರುಗಳಿಗೆ ಅಂಟಿದವು. 1939ರಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪನೆಯಾದದ್ದು 'ಸಣ್ಣ' ಉಗಾರದಲ್ಲಿ. ಆ ಸಣ್ಣ ಉಗಾರವೇ ಮುಂದೆ ಪಟ್ಟಣವಾಗಿ ಬೆಳೆಯಿತು. ಕನ್ನಡದ ಚಿಕ್ಕ ಮತ್ತು ಹಿರಿ, ಪಾರಸಿಯ ಖುರ್ದ ಮತ್ತು ಬುದ್ರುಕ ಎಂಬ ಎರಡೂ ಜೋಡಿಗಳು ಒಂದೇ ಕೆಲಸವನ್ನು ಮಾಡಿ, ಒಂದೇ ಬಗೆಯಲ್ಲಿ ಅರ್ಥವನ್ನು ಕಳೆದುಕೊಂಡು ಗುರುತಾಗಿ ನಿಂತಿರುವುದು ಗಮನಾರ್ಹ.

ಅಂಕಿತನಾಮದ ಈ ಸ್ವಭಾವವನ್ನು ಇಂಗ್ಲೆಂಡಿನ ದಾರ್ಶನಿಕ ಜಾನ್ ಸ್ಟುವರ್ಟ್ ಮಿಲ್ 1843ರ ತನ್ನ ತರ್ಕಶಾಸ್ತ್ರ ಗ್ರಂಥದಲ್ಲಿ ಡಾರ್ಟ್‌ಮೌತ್ ಎಂಬ ಊರಿನ ಉದಾಹರಣೆಯಿಂದ ವಿವರಿಸಿದ್ದನು. ಡಾರ್ಟ್ ನದಿಯ ಮುಖದಲ್ಲಿರುವುದರಿಂದ ಆ ಊರಿಗೆ ಆ ಹೆಸರು ಬಂದಿರಬಹುದು. ನದಿ ಪಾತ್ರ ಬದಲಿಸಿದರೂ ಊರಿನ ಹೆಸರು ಬದಲಾಗಬೇಕಿಲ್ಲ. ಮಿಲ್ಲನಿಗೆ ಅದು ಊಹೆಯ ಪ್ರಸಂಗ. ಚಿಕ್ಕೋಡಿ ಮತ್ತು ಉಗಾರಗಳಲ್ಲಿ ಅದು ಇತಿಹಾಸದಲ್ಲಿ ನಡೆದ ಸಂಗತಿ. ಇಂಗ್ಲಿಷ್ ಪಟ್ಟಿ ಚಿಕ್ಕೋಡಿಯನ್ನು ಪ್ರಾಪರ್ ನೌನ್ ಎಂದಷ್ಟೇ ಹೇಳಿ ಮುಗಿಸುತ್ತದೆ. ಅನ್ವರ್ಥ ಮತ್ತು ಅಂಕಿತ ಎಂಬ ಜೋಡಿಯಾದರೋ ಒಂದು ಹೆಸರು ನಡೆದುಬಂದ ದಾರಿಯನ್ನು ಹೇಳಲು ಪರಿಭಾಷೆಯನ್ನು ಒದಗಿಸುತ್ತದೆ. ಜನಪದ ಅಧ್ಯಯನಕ್ಕೆ ಹೆಚ್ಚು ಉಪಯುಕ್ತವಾದದ್ದು ಇದೇ.

ಇದಕ್ಕೆ ವಿರುದ್ಧ ದಿಕ್ಕಿನ ಚಲನೆಯೂ ಉಂಟು. ಕೃಷ್ಣೆಯ ದಂಡೆಯ ಊರುಗಳಲ್ಲಿ 'ಹೊಳಿ' ಎಂದರೆ ಸಾಕು, ಅದು ಕೃಷ್ಣೆಯೇ. ದೂಧಗಂಗೆಯ ದಂಡೆಯಲ್ಲಿ ಅದೇ ಪದ ದೂಧಗಂಗೆ. ರೂಢನಾಮ ಇಲ್ಲಿ ಊರಿನ ಮಟ್ಟಿಗೆ ಅಂಕಿತನಾಮವಾಗಿದೆ. 'ಹೊಳಿ ಬಂತು' ಎಂಬ ಮಾತಿನಲ್ಲಿ ಅದೇ ಪದ ಒಂದು ಘಟನೆಯ ಹೆಸರು. ಅದರ ಅರ್ಥ ಮಹಾಪೂರ. 2019ರ ಆಗಸ್ಟಿನಲ್ಲಿ ನದಿದಂಡೆಯ ಹಳ್ಳಿಗಳನ್ನು ತೊರೆದು ಹೊರಟವರಿಗೆ ಹೊಳೆ ಎಂಬುದು ಭೂಗೋಳದ ಪದವಾಗಿರಲಿಲ್ಲ.

4. ಮನುಷ್ಯರ ಹೆಸರು: ಸಂಬಂಧವಾಚಕ, ದ್ರವ್ಯವಾಚಕ, ಅಂಕಿತ

ಈ ಭಾಗದ ಪುರುಷರಲ್ಲಿ ಅಪ್ಪಾಸಾಹೇಬ, ಅಣ್ಣಾಸಾಹೇಬ, ದಾದಾಸಾಹೇಬ, ಬಾಬಾಸಾಹೇಬ ಎಂಬ ಹೆಸರುಗಳು ಹೇರಳವಾಗಿವೆ. ಸ್ತ್ರೀಯರಲ್ಲಿ ಅಕ್ಕಾತಾಯಿ, ತಾಯವ್ವ ಎಂಬ ಹೆಸರುಗಳಿವೆ. ಅಪ್ಪ, ಅಣ್ಣ, ಅಕ್ಕ, ತಾಯಿ, ದಾದಾ, ಬಾಬಾ ಎಲ್ಲವೂ ಸಂಬಂಧವಾಚಕ ರೂಢನಾಮಗಳು. ಕನ್ನಡದ ಅಪ್ಪ, ಮರಾಠಿಯ ದಾದಾ, ಅರಬ್ಬಿಯಿಂದ ಬಂದ ಸಾಹೇಬ ಒಂದೇ ಹೆಸರಿನ ಪದ್ಧತಿಯಲ್ಲಿ ಕೂಡಿಕೊಂಡು ಅಂಕಿತನಾಮಗಳಾಗಿವೆ. ರಾಯಬಾಗ ತಾಲ್ಲೂಕಿನ ಚಿಂಚಲಿಯ ದೇವತೆ ಮಾಯಕ್ಕನ ಹೆಸರಿನಲ್ಲಿಯೂ ಅಕ್ಕ ಎಂಬ ಕನ್ನಡದ ಸಂಬಂಧವಾಚಕವಿದೆ. ಮಾಘಮಾಸದ ಜಾತ್ರೆಗೆ ಮಹಾರಾಷ್ಟ್ರದಿಂದ ಬರುವ ಮರಾಠಿ ಭಾಷಿಕ ಭಕ್ತರೂ ಆಕೆಯನ್ನು ಮಾಯಕ್ಕ ಎಂದೇ ಕರೆಯುತ್ತಾರೆ. ಅವರ ಮಾತಿನಲ್ಲಿ ಅದು ಪೂರ್ಣ ಅಂಕಿತ. ಕನ್ನಡ ಭಕ್ತರ ಮಾತಿನಲ್ಲಿ ಅಂಕಿತವೂ ಹೌದು, ಕರೆಯುವ ಅಕ್ಕರೆಯ ಸಂಬಂಧವೂ ಹೌದು.

ಅಡ್ಡಹೆಸರುಗಳಲ್ಲಿ ಇನ್ನೊಂದು ಬಗೆಯ ಚಲನೆಯಿದೆ. ಬಡಿಗೇರ, ಕಂಬಾರ, ಹೂಗಾರ ಮುಂತಾದ ಕಸುಬಿನ ಹೆಸರುಗಳು ಅನ್ವರ್ಥವಾಗಿ ಹುಟ್ಟಿ ಮನೆತನದ ಅಂಕಿತಗಳಾದವು. ಅದೇ ಕಸುಬಿಗೆ ಮರಾಠಿ ಬಳಕೆಯ ಸುತಾರ, ಲೋಹಾರ ಎಂಬ ಹೆಸರುಗಳೂ ಇಲ್ಲಿ ಉಂಟು. ಇವುಗಳಿಗಿಂತ ಕುತೂಹಲಕರವಾದವು ಉತ್ತರ ಕರ್ನಾಟಕದಲ್ಲೆಲ್ಲ ಹರಡಿರುವ ಅಕ್ಕಿ, ಹತ್ತಿ, ಎಣ್ಣಿ, ಬೆಲ್ಲದ, ಉಳ್ಳಾಗಡ್ಡಿ, ಮೆಣಸಿನಕಾಯಿ ಎಂಬ ಅಡ್ಡಹೆಸರುಗಳು. ಶಾಲೆಯ ಪಟ್ಟಿಯಲ್ಲಿ ಅಕ್ಕಿ, ಹತ್ತಿ, ಎಣ್ಣೆಗಳು ದ್ರವ್ಯವಾಚಕದ ಮಾದರಿ ಉದಾಹರಣೆಗಳು. ತರಗತಿಯ ಹಾಜರಿ ಪುಸ್ತಕದಲ್ಲಿ ಅವೇ ಪದಗಳು ಅಂಕಿತನಾಮಗಳು. 'ಹತ್ತಿ ಬಂತು' ಎಂದರೆ ಗಾಡಿ ಬಂತು. 'ಹತ್ತಿಯವರು ಬಂದರು' ಎಂದರೆ ಬೀಗರು ಬಂದರು. ಪದದ ಬಗೆಯನ್ನು ಇಲ್ಲಿ ನಿರ್ಧರಿಸಿದ್ದು ಪದವಲ್ಲ, ವಾಕ್ಯ.

ಹೆಸರಿನ ಬಗೆಗಳ ಬಗ್ಗೆ ಜನಪದರಿಗಿರುವ ಸೂಕ್ಷ್ಮವಾದ ಅರಿವು ಒಡಪಿನಲ್ಲಿ ವ್ಯಕ್ತವಾಗುತ್ತದೆ. ಗಂಡನ ಹೆಸರನ್ನು ಹೆಂಡತಿ ನೇರವಾಗಿ ಹೇಳಬಾರದೆಂಬ ನಿಷೇಧ ಸಂಪ್ರದಾಯಸ್ಥ ಕುಟುಂಬಗಳಲ್ಲಿ ಬಲವಾಗಿತ್ತು. ಅಂಕಿತದ ಜಾಗದಲ್ಲಿ 'ಇವರು', 'ನಮ್ಮ ಮನಿಯವರು' ಎಂಬ ಮಾತುಗಳು ಬರುತ್ತಿದ್ದವು. ಮಕ್ಕಳಾದ ಮೇಲೆ ಮಗುವಿನ ಹೆಸರು ಹಿಡಿದು ಇಂಥವನ ಅಪ್ಪ ಎನ್ನುತ್ತಿದ್ದರು. ಆ ನಿಷೇಧವನ್ನು ಸಮಾಜವೇ ಸಡಿಲಿಸುವ ಸಂದರ್ಭ ಮದುವೆ, ಸೀಮಂತ, ಹಬ್ಬಗಳು. ಆಗ ಸುತ್ತಲಿನವರು ಹೆಸರು ಹೇಳೆಂದು ಒತ್ತಾಯಿಸುತ್ತಾರೆ. ಹೆಣ್ಣು ಪ್ರಾಸಬದ್ಧವಾದ ಒಡಪನ್ನು ಕಟ್ಟಿ ಅದರೊಳಗೆ ಹೆಸರನ್ನಿಟ್ಟು ಹೇಳುತ್ತಾಳೆ. ಮರಾಠಿಯಲ್ಲಿ ಇದಕ್ಕೆ ಉಖಾಣಾ ಎನ್ನುತ್ತಾರೆ. ಹೇಳುವ ಕ್ರಿಯೆಗೆ ಅಲ್ಲಿ 'ಹೆಸರು ತೆಗೆದುಕೊಳ್ಳುವುದು' ಎಂಬ ಅರ್ಥದ ನುಡಿಗಟ್ಟಿದೆ. ಎರಡೂ ಭಾಷೆಗಳಲ್ಲಿ ರಚನೆ ಒಂದೇ. ಹೂವು, ಹಣ್ಣು, ಬೆಳ್ಳಿ ಬಟ್ಟಲು, ದೀಪಗಳಂಥ ರೂಢನಾಮಗಳು ಮೊದಲು ಸಾಲಾಗಿ ಬರುತ್ತವೆ. ಅಂಕಿತ ಕೊನೆಯಲ್ಲಿ ಬರುತ್ತದೆ. ಪ್ರಾಸ ಕೇಳುವವರ ಕಿವಿಯಲ್ಲಿ ಆ ಹೆಸರಿಗೆ ಮೊದಲೇ ಜಾಗ ಮಾಡಿಟ್ಟಿರುತ್ತದೆ.

ಕನ್ನಡದಲ್ಲಿ ಒಡಪು ಎಂಬುದಕ್ಕೆ ಒಗಟು ಎಂಬ ಅರ್ಥವೂ ಇದೆ. ಒಗಟಿನಲ್ಲಿ ಕೆಲವು ರೂಢನಾಮಗಳು ಸೇರಿ ಇನ್ನೊಂದು ರೂಢನಾಮವನ್ನು ಮರೆಮಾಡುತ್ತವೆ. ಹೆಸರಿನ ಒಡಪಿನಲ್ಲಿ ರೂಢನಾಮಗಳು ಅಂಕಿತವನ್ನು ಹೊರಗೆ ತರುತ್ತವೆ. ವ್ಯಾಕರಣವನ್ನು ಓದದ ಹೆಣ್ಣುಮಕ್ಕಳು ಅಂಕಿತ ಮತ್ತು ರೂಢಗಳ ಭೇದವನ್ನು ಎಷ್ಟು ಖಚಿತವಾಗಿ ಬಲ್ಲರೆಂದರೆ, ಒಂದರ ಅಪಾಯವನ್ನು ಇನ್ನೊಂದರಿಂದ ತಣಿಸುವ ಪ್ರಕಾರವನ್ನೇ ಕಟ್ಟಿಕೊಂಡಿದ್ದಾರೆ.

5. ಪ್ರಕಾರಗಳಲ್ಲಿ ಹೆಸರಿನ ಹಂಚಿಕೆ

1950ರ ದಶಕದಲ್ಲಿ ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದು ಈ ಭಾಗದ ಕತೆಗಳನ್ನು ಸಂಗ್ರಹಿಸಿದ ಎ. ಕೆ. ರಾಮಾನುಜನ್, 1986ರಲ್ಲಿ ಪ್ರಕಟವಾದ ಕನ್ನಡ ಜಾನಪದದ ಎರಡು ಲೋಕಗಳನ್ನು ಕುರಿತ ಪ್ರಬಂಧದಲ್ಲಿ ಈ ವಿಷಯಕ್ಕೆ ನೇರವಾಗಿ ಸಲ್ಲುವ ಒಂದು ಅಂಶವನ್ನು ಗುರುತಿಸಿದ್ದಾರೆ. ಮನೆಯೊಳಗೆ ಅಜ್ಜಿಯರು ಹೇಳುವ ಕತೆಗಳಲ್ಲಿ ಪಾತ್ರಗಳಿಗೆ ಸಾಮಾನ್ಯವಾಗಿ ಹೆಸರಿಲ್ಲ, ಊರಿಗೂ ಹೆಸರಿಲ್ಲ. ಬಯಲಿನಲ್ಲಿ ವೃತ್ತಿಗಾಯಕರು ಹಾಡುವ ಕಥನಗಳಲ್ಲಿ ವ್ಯಕ್ತಿಗೂ ಸ್ಥಳಕ್ಕೂ ಹೆಸರುಂಟು. ತಮಿಳು ಕಾವ್ಯಮೀಮಾಂಸೆಯ ಅಗಂ ಮತ್ತು ಪುರಂ ಎಂಬ ಪರಿಕಲ್ಪನೆಗಳಿಂದ ಅವರು ಈ ಭೇದವನ್ನು ವಿವರಿಸಿದರು.

ಇದನ್ನು ವ್ಯಾಕರಣದ ಭಾಷೆಗೆ ತಂದರೆ, ಒಳಮನೆಯ ಕತೆ ರೂಢನಾಮದ ಲೋಕ, ಬಯಲ ಕಥನ ಅಂಕಿತನಾಮದ ಲೋಕ. ರಾಜ, ಸೊಸೆ, ಕಿರಿಯ ಮಗಳು ಎಂಬ ರೂಢನಾಮಗಳಿಂದಲೇ ಅಜ್ಜಿಕತೆ ನಡೆಯುತ್ತದೆ. ಕೇಳುವ ಯಾವ ಸೊಸೆಯೂ ಆ ಸೊಸೆಯಾಗಬಹುದು. ಲಾವಣಿಯ ದಾರಿ ಹಾಗಲ್ಲ. ಜೆ. ಎಫ್. ಫ್ಲೀಟ್ 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಪ್ರಕಟಿಸತೊಡಗಿದ ಕನ್ನಡ ಲಾವಣಿಗಳಲ್ಲಿ ಕೆಲವು ಸಂಗೊಳ್ಳಿ ರಾಯಣ್ಣನನ್ನೂ ಹಲಗಲಿಯ ಬೇಡರನ್ನೂ ಕುರಿತವು. ಅಲ್ಲಿಂದ ವ್ಯಕ್ತಿ ಮತ್ತು ಊರುಗಳ ಹೆಸರನ್ನು ತೆಗೆದರೆ ಲಾವಣಿಯೇ ಉಳಿಯದು. ಈ ಜಿಲ್ಲೆಯ ಹೆಮ್ಮೆಯ ಶ್ರೀಕೃಷ್ಣ ಪಾರಿಜಾತದಲ್ಲಿ ಎರಡೂ ಕೂಡಿವೆ. ಕೃಷ್ಣ, ರುಕ್ಮಿಣಿ, ಸತ್ಯಭಾಮೆಯರಿಗೆ ಪುರಾಣದ ಅಂಕಿತವಿದೆ. ಆಡುನುಡಿಯಲ್ಲಿ ಜನರನ್ನು ನಗಿಸುವ ದೂತಿಗೆ ಅವಳ ಕೆಲಸವೇ ಹೆಸರು. ಒಂದು ನಾಮಪದದ ಬಗೆಯನ್ನು ಆಯ್ದುಕೊಳ್ಳುವುದು ಇಲ್ಲಿ ಒಂದು ಲೋಕವನ್ನು ಆಯ್ದುಕೊಳ್ಳುವುದೇ ಆಗಿದೆ.

6. ಲಿಂಗ ಮತ್ತು ವಚನ: ಗಡಿಯಾಚೆಯ ಸಾಕ್ಷ್ಯ

ಇಂಗ್ಲಿಷ್ ನಾಮಪದಪಾಠದ ಇನ್ನೊಂದು ಭಾಗ ಲಿಂಗ. ಮರಾಠಿಯಲ್ಲಿ ಮೂರು ಲಿಂಗಗಳಿದ್ದು ನಿರ್ಜೀವ ವಸ್ತುಗಳಿಗೂ ಅವು ಹಂಚಿಕೆಯಾಗಿವೆ: ಡೋಂಗರ ಪುಲ್ಲಿಂಗ, ನದಿ ಸ್ತ್ರೀಲಿಂಗ, ಘರ ನಪುಂಸಕ. ಕನ್ನಡದಲ್ಲಿ ಗುಡ್ಡ, ಹೊಳೆ, ಮನೆ ಮೂರೂ ನಪುಂಸಕ. ಈ ಎರಡು ಕ್ರಮಗಳು ಒಂದೇ ಊರಿನಲ್ಲಿ ಶತಮಾನಗಳ ಕಾಲ ಕೂಡಿ ಬಾಳಿದರೆ ಏನಾಗುತ್ತದೆ?

ಇದಕ್ಕೆ ಉತ್ತರ ದೊರೆತದ್ದು ಕಾಗವಾಡದಿಂದ ದೂರವಲ್ಲದ, ಮಿರಜಿನ ಪಕ್ಕದ ಕುಪವಾಡದಲ್ಲಿ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಆ ಊರಿನ ಕನ್ನಡ, ಮರಾಠಿ, ಉರ್ದು ಮಾತುಗಳನ್ನು ಅಭ್ಯಸಿಸಿ 1971ರಲ್ಲಿ ಪ್ರಕಟಿಸಿದ ಪ್ರಬಂಧ ಭಾಷಾಸಂಪರ್ಕದ ಅಧ್ಯಯನದಲ್ಲಿ ಜಗತ್ಪ್ರಸಿದ್ಧವಾಯಿತು. ಪ್ರತಿ ಸಮುದಾಯವೂ ತನ್ನ ಪದಸಂಪತ್ತನ್ನು ಉಳಿಸಿಕೊಂಡಿತ್ತು. ವಾಕ್ಯರಚನೆ ಮಾತ್ರ ಪದಕ್ಕೆ ಪದವಿಟ್ಟು ಅನುವಾದಿಸುವಷ್ಟು ಸಮನಾಗಿತ್ತು. ಅಲ್ಲಿನ ಮರಾಠಿ ಕನ್ನಡದ ಲಿಂಗಕ್ರಮವನ್ನು ಅನುಸರಿಸಿತ್ತು: ಗಂಡಸರು ಪುಲ್ಲಿಂಗ, ಹೆಂಗಸರು ಸ್ತ್ರೀಲಿಂಗ, ಉಳಿದುದೆಲ್ಲ ನಪುಂಸಕ. ಶಿಷ್ಟ ಮರಾಠಿಯಲ್ಲಿ ಸ್ತ್ರೀಲಿಂಗವಾದ ನದಿ ಕುಪವಾಡದ ಮರಾಠಿಯಲ್ಲಿ ಕನ್ನಡದ ಹೊಳೆಯಂತೆ ನಡೆದುಕೊಂಡಿತು. ಆ ಊರು ಇಂದು ಸಾಂಗ್ಲಿ-ಮಿರಜ-ಕುಪವಾಡ ಮಹಾನಗರಪಾಲಿಕೆಯ ಭಾಗವಾಗಿದೆ. ಸೋನಲ್ ಕುಲಕರ್ಣಿ-ಜೋಶಿ ಅವರ ಮರು ಅಧ್ಯಯನ ಹಳೆಯ ಮಾದರಿಯನ್ನು ವಿಮರ್ಶೆಗೆ ಒಳಪಡಿಸಿದೆ. ಆದ್ದರಿಂದ 1971ರ ಚಿತ್ರವನ್ನು ಇಂದಿನ ಸ್ಥಿತಿಯೆಂದು ಭಾವಿಸಲಾಗದು. ನಾಮಪದದ ಲಿಂಗದಂಥ ಗಟ್ಟಿಯಾದ ವರ್ಗವೂ ಬಳಕೆಯ ಒತ್ತಡಕ್ಕೆ ಕರಗಬಲ್ಲದು ಎಂಬ ತತ್ವ ಮಾತ್ರ ಅದರಿಂದ ಸ್ಥಿರಪಟ್ಟಿದೆ.

ಕನ್ನಡದ ಒಳಗೂ ಲಿಂಗ ವಾಕ್ಯವನ್ನು ಅವಲಂಬಿಸಿ ಬದಲಾಗುತ್ತದೆ. 'ದೇವರು ಕೊಟ್ಟರು' ಎಂಬಲ್ಲಿ ಗೌರವದ ಬಹುವಚನ. 'ಮೈಮೇಲೆ ದೇವರು ಬಂತು' ಎಂಬಲ್ಲಿ ನಪುಂಸಕ ಏಕವಚನ. ಮೊದಲನೆಯದರಲ್ಲಿ ದೇವರು ವ್ಯಕ್ತಿ, ಎರಡನೆಯದರಲ್ಲಿ ಆವರಿಸುವ ಶಕ್ತಿ. ಕೂಸು ಮನುಷ್ಯವಾಚಕವಾದರೂ 'ಅಳತೈತಿ' ಎಂಬ ನಪುಂಸಕ ಕ್ರಿಯೆಯನ್ನೇ ಪಡೆಯುತ್ತದೆ. ನಮ್ಮ ವ್ಯಾಕರಣಕಾರರು ಮೂರು ಲಿಂಗಗಳಿಗೆ ನಿಲ್ಲದೆ ಪುನ್ನಪುಂಸಕ, ಸ್ತ್ರೀನಪುಂಸಕ, ನಿತ್ಯನಪುಂಸಕ, ವಿಶೇಷ್ಯಾಧೀನ ಎಂಬ ಬಗೆಗಳನ್ನು ಹೇಳಬೇಕಾಗಿ ಬಂದದ್ದು ಇಂಥ ಬಳಕೆಗಳಿಂದಲೇ. ಎಣಿಕೆಯಲ್ಲಿಯೂ ಮನುಷ್ಯರಿಗೆ ಇಬ್ಬರು, ಮೂವರು. ಉಳಿದುದಕ್ಕೆ ಎರಡು, ಮೂರು. 'ಹತ್ತು ಎತ್ತು' ಎಂದರೆ ಸಾಕು, ಬಹುವಚನ ಪ್ರತ್ಯಯ ಬೇಕಿಲ್ಲ. ಕನ್ನಡಿಗನ ಮನಸ್ಸಿನಲ್ಲಿ ನಾಮಪದದ ಮೊದಲ ಭೇದ ಮನುಷ್ಯ ಮತ್ತು ಮನುಷ್ಯೇತರ ಎಂಬುದೇ ಆಗಿದೆ. ಐದರ ಪಟ್ಟಿಯಲ್ಲಿ ಈ ಭೇದಕ್ಕೆ ಸ್ಥಾನವೇ ಇಲ್ಲ.

7. ತೂಗುವ ಹೆಸರು, ಎಣಿಸುವ ಹೆಸರು

ಇಂಗ್ಲಿಷ್ ವರ್ಗೀಕರಣದ ಹಿರಿಮೆಯನ್ನೂ ಇಲ್ಲಿ ಹೇಳಬೇಕು. ರೂಢ, ಅನ್ವರ್ಥ, ಅಂಕಿತಗಳ ವಿಂಗಡಣೆ ಹಾಲು ಮತ್ತು ಬಟ್ಟಲುಗಳಿಗೆ ಇರುವ ವ್ಯತ್ಯಾಸದ ಬಗ್ಗೆ ಏನನ್ನೂ ಹೇಳುವುದಿಲ್ಲ. ಎರಡೂ ರೂಢನಾಮಗಳೆಂದು ಸುಮ್ಮನಾಗುತ್ತದೆ. ಮಟೀರಿಯಲ್ ಎಂಬ ಬಗೆಯಲ್ಲಿ, ಅದಕ್ಕಿಂತ ಸ್ಪಷ್ಟವಾಗಿ ಎಣಿಕೆಯ ಭೇದದಲ್ಲಿ, ಭಾಷೆಯ ಒಂದು ನಿಜವಾದ ಗಂಟು ಸಿಕ್ಕಿದೆ. ಇಂಗ್ಲಿಷಿನಲ್ಲಿ 'ಎ' ಎಂಬ ಆರ್ಟಿಕಲ್ ಎಲ್ಲಿ ಬರಬೇಕು, ಬಹುವಚನ ಎಲ್ಲಿ ಸಲ್ಲದು ಎಂಬುದೆಲ್ಲ ಈ ಗಂಟಿನ ಮೇಲೆಯೇ ನಿಂತಿದೆ. ಪಟ್ಟಿಯನ್ನು ಕಂಠಪಾಠ ಮಾಡಿದ ವಿದ್ಯಾರ್ಥಿಯೂ 'ಫರ್ನಿಚರ್ಸ್', 'ಇನ್ಫರ್ಮೇಶನ್ಸ್' ಎಂದು ಬರೆಯುವುದಕ್ಕೆ ಕಾರಣ, ಬಗೆಯ ಹೆಸರು ಅವನಿಗೆ ಗೊತ್ತಿದ್ದರೂ ಅದು ವಾಕ್ಯದಲ್ಲಿ ಮಾಡುವ ಕೆಲಸ ಗೊತ್ತಿಲ್ಲದಿರುವುದು.

ಆ ಕೆಲಸದ ಅರಿವು ಅವನ ಮನೆಯಲ್ಲಿಯೇ ಇದೆ. ನಿಪ್ಪಾಣಿ ತಂಬಾಕು ಮತ್ತು ಬೀಡಿಗೆ ಹೆಸರಾದ ಪಟ್ಟಣ. ಬೀಡಿ ಕಟ್ಟುವ ಹೆಣ್ಣುಮಗಳಿಗೆ ಎಲೆ ಮತ್ತು ತಂಬಾಕು ತೂಕದಲ್ಲಿ ಸಿಗುತ್ತವೆ. ಅವಳು ಮರಳಿ ಕೊಡುವ ಬೀಡಿ ಎಣಿಕೆಯಲ್ಲಿ ಹೋಗುತ್ತದೆ. ಕೂಲಿ ಸಾವಿರ ಬೀಡಿಗೆ ಇಷ್ಟು ಎಂದು ನಿಗದಿಯಾಗುತ್ತದೆ. ತೂಗುವ ನಾಮ ಅವಳ ಬೆರಳುಗಳಲ್ಲಿ ಎಣಿಸುವ ನಾಮವಾಗುತ್ತದೆ. ಕಬ್ಬು ಹೊಲದಲ್ಲಿ ಬೆಳೆ, ಕಾರ್ಖಾನೆಯ ಕಾಟಾದಲ್ಲಿ ಟನ್ನು, ತಿನ್ನುವವನ ಕೈಯಲ್ಲಿ ಗಣಿಕಿ. ಬೆಲ್ಲ ರಾಶಿಪದ, ಪೆಂಟಿ ಅದರ ಬಿಡಿ. ಉಪ್ಪಿಗೆ ಹರಳು, ಜೋಳಕ್ಕೆ ಕಾಳು, ನೀರಿಗೆ ಹನಿ, ನೂಲಿಗೆ ಎಳೆ ಹೀಗೆ ಪ್ರತಿಯೊಂದು ದ್ರವ್ಯಕ್ಕೂ ಅದರದೇ ಬಿಡಿಗಾಣಿಕೆಯ ಪದವನ್ನು ಈ ನುಡಿ ಇಟ್ಟುಕೊಂಡಿದೆ. 'ಎ ಪೀಸ್ ಆಫ್', 'ಎ ಲಂಪ್ ಆಫ್' ಎಂಬ ಇಂಗ್ಲಿಷ್ ರಚನೆಗಳನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇಕಿಲ್ಲ.

ಸಮೂಹವಾಚಕಗಳೂ ಹಾಗೆಯೇ. ಹಿಂಡು, ಬಣವಿ, ಸಿವುಡು, ರಾಶಿ ಎಂಬ ಪದಗಳಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸಿದರೆ ರೈತ ನಗುತ್ತಾನೆ. ಕಣದಲ್ಲಿ ಮೇಟಿಗೆ ಕಟ್ಟಿ ತುಳಿಸುವ ಎತ್ತುಗಳ ಸಾಲಿಗೆ ಹಂತಿ ಎಂದು ಹೆಸರು. ಆ ಸಮೂಹವಾಚಕವೇ ಹಂತಿಪದ ಎಂಬ ಹಾಡಿನ ಪ್ರಕಾರಕ್ಕೆ ಹೆಸರಾಯಿತು. ಎತ್ತುಗಳ ಹಂತಿ ಕಣದಿಂದ ಮರೆಯಾಗುತ್ತ ಬಂದಂತೆ ಸಾಲು ಎಂಬ ಮೂಲಾರ್ಥ ಮಸುಕಾಗಿ ಹಾಡಿನ ಹೆಸರಷ್ಟೇ ಉಳಿಯುತ್ತಿದೆ. ಚಿಕ್ಕೋಡಿಯ 'ಚಿಕ್ಕ'ಕ್ಕೆ ಆದದ್ದೇ ಇಲ್ಲಿಯೂ ಆಗುತ್ತಿದೆ. ರಾಶಿ ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನದೆ 'ಲಾಭ' ಎನ್ನುವ ಪದ್ಧತಿ ಕರ್ನಾಟಕದ ಹಲವೆಡೆಗಳಲ್ಲಿ ಉಂಟು. ಭಾವನಾಮವೊಂದು ಸಂಖ್ಯಾವಾಚಕದ ಜಾಗದಲ್ಲಿ ಕುಳಿತು ಎಣಿಕೆಯ ಕೆಲಸವನ್ನೂ ಹಾರೈಕೆಯ ಕೆಲಸವನ್ನೂ ಒಟ್ಟಿಗೆ ಮಾಡುತ್ತದೆ. ಇದನ್ನು ಯಾವ ಮನೆಯಲ್ಲಿಡಬೇಕೆಂದು ಐದರ ಪಟ್ಟಿ ಹೇಳಲಾರದು.

8. ಸಮಾರೋಪ

ಮೇಲಿನ ವಿವೇಚನೆಯಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಐದು ಬಗೆಗಳ ಪಟ್ಟಿ ಭಿನ್ನ ಅಳತೆಗೋಲುಗಳನ್ನು ಬೆರೆಸಿದ್ದರಿಂದ ಶಾಸ್ತ್ರವಾಗಿ ದುರ್ಬಲವಾದುದು. ಅದರಲ್ಲಿ ಉಳಿಸಿಕೊಳ್ಳಬೇಕಾದದ್ದು ಅಂಕಿತ ಮತ್ತು ರೂಢಗಳ ಭೇದ ಹಾಗೂ ಎಣಿಕೆಯ ಭೇದ. ಎರಡನೆಯದಾಗಿ, ಕೇಶಿರಾಜನ ವಿಂಗಡಣೆ ಹೆಸರಿನ ಚರಿತ್ರೆಯನ್ನು ಹೇಳಲು ಸಮರ್ಥವಾಗಿದೆ, ಎಣಿಕೆಯ ವಿಷಯದಲ್ಲಿ ಮೌನವಾಗಿದೆ. ಒಂದನ್ನು ಹೊಗಳಿ ಇನ್ನೊಂದನ್ನು ತಳ್ಳುವುದಕ್ಕಿಂತ ಎರಡನ್ನೂ ಅವುಗಳ ಕೆಲಸಕ್ಕೆ ಹಚ್ಚುವುದು ಲೇಸು. ಮೂರನೆಯದಾಗಿ, ನಾಮಪದದ ಬಗೆ ಎಂಬುದು ಪದದ ಹುಟ್ಟುಗುಣವಲ್ಲ. ವಾಕ್ಯದಲ್ಲಿ, ಪ್ರಕಾರದಲ್ಲಿ, ಸಮಾಜದಲ್ಲಿ ಅದು ವಹಿಸಿಕೊಳ್ಳುವ ಪಾತ್ರ.

ಇದು ಕೇವಲ ಪರಿಭಾಷೆಯ ಚರ್ಚೆಯಲ್ಲ. ಗಡಿಯ ಮಗು ಮನೆಯಲ್ಲಿ ಒಂದು, ಬೀದಿಯಲ್ಲಿ ಇನ್ನೊಂದು ಭಾಷೆಯಾಡಿ ಶಾಲೆಗೆ ಬರುತ್ತದೆ. ಹೆಸರಿನ ಬಗೆಗಳನ್ನು ಗುರುತಿಸಲಾರದ್ದೆಂದು ಅಲ್ಲಿ ಅದನ್ನು ದಡ್ಡ ಮಗು ಎಂದು ಎಣಿಸಲಾಗುತ್ತದೆ. ಅದೇ ಮಗು ಒಗಟು ಬಿಡಿಸಬಲ್ಲದು, ಅಪ್ಪ ಯಾರು ಅಪ್ಪಾಸಾಹೇಬ ಯಾರು ಎಂದು ತಪ್ಪದೆ ತಿಳಿಯಬಲ್ಲದು, ತಾಯಿ ಕಟ್ಟಿದ ಬೀಡಿಗಳನ್ನು ಎಣಿಸಬಲ್ಲದು. ಪದವನ್ನು ತೋರಿಸಿ 'ಇದು ಯಾವ ಬಗೆ' ಎಂದು ಕೇಳುವುದನ್ನು ಬಿಟ್ಟು, ವಾಕ್ಯವನ್ನು ಕೊಟ್ಟು 'ಈ ಹೆಸರು ಇಲ್ಲಿ ಏನು ಮಾಡುತ್ತಿದೆ' ಎಂದು ಕೇಳಿದರೆ ಆ ಮಗುವಿನ ಅರಿವು ತರಗತಿಗೆ ಪ್ರವೇಶ ಪಡೆಯುತ್ತದೆ. ಇಂಗ್ಲಿಷ್ ಪಾಠಕ್ಕೂ ಅದರಿಂದ ಲಾಭವೇ. ಒಡಪು, ಅಡ್ಡಹೆಸರು, ಅಳತೆಯ ಪದ, ಕಣದ ನುಡಿಗಳನ್ನು ಈ ಐದೂ ತಾಲ್ಲೂಕುಗಳಲ್ಲಿ ಕನ್ನಡ ಮತ್ತು ಮರಾಠಿಗಳೆರಡರಲ್ಲಿಯೂ ಕ್ರಮಬದ್ಧವಾಗಿ ಸಂಗ್ರಹಿಸುವ ಕಾರ್ಯ ಜಾನಪದ ವಿದ್ವಾಂಸರ ಮುಂದಿದೆ. ಹಂತಿಯಂಥ ಪದಗಳ ಮೂಲಾರ್ಥವನ್ನು ಬಲ್ಲ ಹಿರಿಯರು ಇರುವಾಗಲೇ ಅದು ಆಗಬೇಕು.